ಎಲೆ ಬರಲಿಲ್ಲವೆಂದು ಏಳಬೇಡಿ

ಕಳೆದ ದೀಪಾವಳಿಯ ರಾತ್ರಿ ನಮ್ಮ ನಡುಮನೆಯಲ್ಲಿ ಒಂದು ಸಣ್ಣ ಜಗಳವಾಯಿತು. ಯಾರ ಧ್ವನಿಯೂ ಏರಲಿಲ್ಲ, ಯಾರೂ ಮುನಿಸಿಕೊಂಡು ಹೋಗಲಿಲ್ಲ. ಆದರೂ ಅದು ನನ್ನ ತಲೆಯಿಂದ ಇಳಿದಿಲ್ಲ.

ಹಬ್ಬಕ್ಕೆಂದು ಎಲ್ಲರೂ ಸೇರಿದ್ದೆವು. ಊಟ ಮುಗಿಸಿ, ಜಮಖಾನ ಹಾಸಿ ಇಸ್ಪೀಟಿಗೆ ಕೂತೆವು. ಮೊದಲೆಲ್ಲ ನಮ್ಮದು ರಮ್ಮಿ, ಇಲ್ಲವೇ ಇಪ್ಪತ್ತೆಂಟು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಎರಡು ವರ್ಷದ ಕೆಳಗೆ ಪೋಕರ್ ಕಲಿಸಿಕೊಟ್ಟ ಮೇಲೆ ಹಬ್ಬಕ್ಕೆ ಅದೇ ಆಟ. ದುಡ್ಡು ಕಾಸು ಏನೂ ಇಲ್ಲ. ತಲೆಗೆ ನೂರು ಹುಣಸೆಬೀಜ, ಅಷ್ಟೇ.

ನನ್ನ ಓರಗಿತ್ತಿ ಎಲೆ ಎತ್ತಿ ನೋಡುವಳು, ತಕ್ಷಣ ಕೆಳಗಿಟ್ಟು ಏಳುವಳು. “ಎಲೆ ಬರಲಿಲ್ಲ ಅಕ್ಕ, ಅಷ್ಟರಲ್ಲಿ ಹಾಲಿಗೆ ಹೆಪ್ಪು ಹಾಕಿ ಬರ್ತೀನಿ.” ಅಪರೂಪಕ್ಕೆ ಒಳ್ಳೆಯ ಎಲೆ ಬಂದರೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತು ಇಪ್ಪತ್ತು ಬೀಜ ಮುಂದೆ ತಳ್ಳುವಳು. ಅವಳು ತಳ್ಳಿದಳೆಂದರೆ ಕೈಯಲ್ಲಿ ಏನೋ ಇದೆಯೆಂದು ಮಕ್ಕಳಿಗೂ ಗೊತ್ತು. ಎಲ್ಲರೂ ಎಲೆ ಕೆಳಗಿಡುವರು. ನಡುವೆ ಬಿದ್ದಿದ್ದ ನಾಲ್ಕೈದು ಬೀಜವಷ್ಟೇ ಅವಳ ಪಾಲು.

ಮೈದುನ ನಕ್ಕ. “ಅತ್ತಿಗೆ, ಇದು ಹೆಂಗಸರ ಆಟ ಅಲ್ಲ ಬಿಡಿ.”

“ನಿನಗೇನು ಪ್ರತಿ ಸಲ ಒಳ್ಳೇ ಎಲೇನೇ ಬರುತ್ತೇನಪ್ಪಾ?” ಎಂದೆ.

“ಬರಲ್ಲ. ಆದರೆ ನಾವು ಬ್ಲಫ್ ಮಾಡ್ತೀವಿ. ನಿಮ್ಮ ಮುಖದಲ್ಲಿ ಎಲ್ಲಾ ಕಾಣ್ಸಿಬಿಡುತ್ತೆ.”

ಆ ಮಾತಿಗೆ ಗಂಡಸರೆಲ್ಲ ನಕ್ಕರು. ಹೆಂಗಸರೂ ನಕ್ಕರು. ನನ್ನನ್ನು ಚುಚ್ಚಿದ್ದು ಈ ಎರಡನೆಯ ನಗು. ಎಲೆ ಕೆಟ್ಟರೆ ಎದ್ದುಹೋಗಬೇಕೆಂದು ನಂಬಿದ್ದೇವೆ, ನಮ್ಮ ಮುಖಕ್ಕೆ ಏನನ್ನೂ ಮುಚ್ಚಿಡಲು ಬರುವುದಿಲ್ಲವೆಂದೂ ನಂಬಿದ್ದೇವೆ. ಎರಡೂ ಸುಳ್ಳು. ಇದು ಬರಿಯ ರೋಷದ ಮಾತಲ್ಲ, ಲೆಕ್ಕವಿಟ್ಟುಕೊಂಡೇ ಹೇಳುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಪೋಕರಿನಲ್ಲಿ ಹಲವು ಬಗೆಗಳಿವೆ, ನಾವು ಆಡುವುದಕ್ಕೆ ಹೋಲ್ಡೆಮ್ ಎಂದು ಹೆಸರು. ಪ್ರತಿಯೊಬ್ಬರಿಗೂ ಎರಡೆರಡು ಎಲೆ, ಅದು ಗುಟ್ಟು. ಆಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ನಡುವೆ ತೆರೆಯುತ್ತಾರೆ: ಮೊದಲು ಮೂರು ಒಟ್ಟಿಗೆ, ನಂತರ ಒಂದು, ಕೊನೆಗೆ ಇನ್ನೊಂದು. ಈ ಏಳರಲ್ಲಿ ಉತ್ತಮವಾದ ಐದು ನಿಮ್ಮ ಕೈ. ಎಲೆ ತೆರೆದಾಗಲೆಲ್ಲ ಒಂದು ಸುತ್ತು ಕಟ್ಟುವ ಅವಕಾಶ. ಒಬ್ಬರು ಕಟ್ಟಿದರೆ ಉಳಿದವರು ಅಷ್ಟನ್ನೇ ಇಡಬೇಕು, ಹೆಚ್ಚಿಸಬೇಕು, ಇಲ್ಲವೇ ಎಲೆ ಕೆಳಗಿಡಬೇಕು. ಕೊನೆಯವರೆಗೆ ಇಬ್ಬರು ಉಳಿದರೆ ಎಲೆ ತೋರಿಸಿ ದೊಡ್ಡ ಕೈಗೆ ರಾಶಿ. ಉಳಿದವರೆಲ್ಲ ಎಲೆ ಕೆಳಗಿಟ್ಟರೆ, ಉಳಿದ ಒಬ್ಬರಿಗೇ ರಾಶಿ, ಅವರ ಕೈಯಲ್ಲಿ ಏನಿದ್ದರೂ ಸರಿ.

ಅಂದರೆ ಗೆಲ್ಲಲು ಎರಡು ದಾರಿಗಳಿವೆ. ನಾವು ಹೆಂಗಸರು ಒಂದೇ ದಾರಿಯಿದೆಯೆಂದು ಆಡುತ್ತಿದ್ದೇವೆ.

ಈಗ ಲೆಕ್ಕಕ್ಕೆ ಬರೋಣ. ಕೈಗೆ ಜೋಡಿ ಬರುವುದು ಸುಮಾರು ಹದಿನೇಳು ಸಲಕ್ಕೆ ಒಮ್ಮೆ. ಎಕ್ಕದ ಜೋಡಿಯೇ ಬೇಕೆಂದು ಕಾದರೆ 221 ಸಲಕ್ಕೆ ಒಮ್ಮೆ. ಅಷ್ಟು ಹೊತ್ತು ಕಾಯುವವರಿಗೆ ಹಾಲಿಗೆ ಹೆಪ್ಪು ಹಾಕುವುದಷ್ಟೇ ಅಲ್ಲ, ಮೊಸರು ಕಡೆದು ಬೆಣ್ಣೆ ತೆಗೆಯುವಷ್ಟು ಸಮಯ ಸಿಗುತ್ತದೆ. ಜೋಡಿಯಲ್ಲದ ಎರಡು ಎಲೆ ಹಿಡಿದು ಕೂತವರಿಗೆ, ನಡುವಿನ ಮೂರು ಎಲೆ ತೆರೆದಾಗ ಜೋಡಿಯೋ ಅದಕ್ಕಿಂತ ಮೇಲಿನದೋ ಕೂಡುವುದು ಮೂರರಲ್ಲಿ ಒಂದು ಸಲ ಮಾತ್ರ. ಮೂರರಲ್ಲಿ ಎರಡು ಸಲ ಏನೂ ಸಿಗುವುದಿಲ್ಲ.

ಇದನ್ನು ಓದಿ ‘ನೋಡಿದಿರಾ, ನನ್ನ ಹಣೆಬರಹ’ ಎನ್ನಬೇಡಿ. ಈ ಲೆಕ್ಕ ಎದುರಿಗೆ ಕೂತವನಿಗೂ ಅನ್ವಯಿಸುತ್ತದೆ. ಅವನಿಗೂ ಮೂರರಲ್ಲಿ ಎರಡು ಸಲ ಏನೂ ಸಿಕ್ಕಿರುವುದಿಲ್ಲ. ನಿಮ್ಮ ಎಲೆ ಕೆಟ್ಟದ್ದೆಂದು ನಿಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅವನದ್ದೂ ಕೆಟ್ಟಿರಬಹುದೆಂಬುದನ್ನು ನಾವು ಯೋಚಿಸುವುದೇ ಇಲ್ಲ. ನಮ್ಮ ಕೈಯ ಬಡತನವನ್ನೇ ನೋಡುತ್ತ ಕೂರುವುದು ನಮಗೆ ಅಷ್ಟು ಅಭ್ಯಾಸವಾಗಿಬಿಟ್ಟಿದೆ.

ರಾಶಿಯಲ್ಲಿ ನೂರು ಬೀಜವಿದೆ ಎನ್ನಿ. ನೀವು ಐವತ್ತು ಕಟ್ಟುತ್ತೀರಿ. ಅವನು ಎಲೆ ಇಟ್ಟರೆ ನಿಮಗೆ ನೂರು, ಇಡದಿದ್ದರೆ ಐವತ್ತು ನಷ್ಟ. ಮೂರು ಸಲದಲ್ಲಿ ಒಂದು ಸಲ ಅವನು ಬಿಟ್ಟುಕೊಟ್ಟರೂ ನಿಮ್ಮ ಲೆಕ್ಕ ಸಮವಾಯಿತು: ಒಂದು ಸಲ ನೂರು ಬಂತು, ಎರಡು ಸಲ ಐವತ್ತೈವತ್ತು ಹೋಯಿತು. ಅದಕ್ಕಿಂತ ಹೆಚ್ಚು ಸಲ ಬಿಟ್ಟರೆ ಲಾಭ. ದಿನಸಿ ಅಂಗಡಿಯ ಚೀಟಿಯನ್ನು ಬಾಯಲ್ಲೇ ಕೂಡಿ ಹಾಕುವ ನಮಗೆ ಇದೇನು ದೊಡ್ಡ ಲೆಕ್ಕ?

ಹಾಗೆಂದು ಪ್ರತಿ ಸಲವೂ ಕಟ್ಟುತ್ತ ಹೋಗುವುದು ಹುಚ್ಚುತನ. ಕೆಟ್ಟ ಎಲೆಯನ್ನು ಹೆಚ್ಚು ಸಲ ಕೆಳಗಿಡಲೇಬೇಕು. ಉಳಿದ ಕೆಲವೇ ಸಲ ಯಾವುದು ಎಂದು ಆರಿಸುವುದೇ ವಿದ್ಯೆ. ಎದುರಿಗೆ ಎಷ್ಟು ಜನ ಉಳಿದಿದ್ದಾರೆ? ಒಬ್ಬರಿದ್ದರೆ ಸರಿ. ನಾಲ್ವರಿದ್ದರೆ ನಾಲ್ವರಿಗೂ ಏನೂ ಸಿಗದಿರುವ ಸಂಭವ ಐದರಲ್ಲಿ ಒಂದಕ್ಕಿಂತ ಕಡಿಮೆ, ಸುಮ್ಮನೆ ಇಡಿ. ನಿಮ್ಮ ಸರದಿ ಯಾವಾಗ? ಕೊನೆಗೆ ಮಾತಾಡುವವರು ಉಳಿದವರೆಲ್ಲ ಏನು ಮಾಡಿದರೆಂದು ನೋಡಿಯೇ ಮಾಡುತ್ತಾರೆ, ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಎದುರಿನವನು ಎಂಥವನು? ಏನು ಕಟ್ಟಿದರೂ ‘ನೋಡೇಬಿಡೋಣ’ ಎನ್ನುವವನ ಮುಂದೆ ಬ್ಲಫ್ ಮಾಡುವುದು ಕಲ್ಲಿನ ಮೇಲೆ ನೀರು ಹೊಯ್ದಂತೆ. ಇನ್ನೊಂದಿದೆ: ಮೊದಲಿನಿಂದ ನೀವು ಆಡಿದ ರೀತಿಗೆ, ಈಗ ಇದೆಯೆಂದು ತೋರಿಸಿಕೊಳ್ಳುತ್ತಿರುವ ಎಲೆ ಹೊಂದುತ್ತದೆಯೆ? ಹೊಂದದಿದ್ದರೆ ಯಾರೂ ನಂಬುವುದಿಲ್ಲ.

ಇದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. ಅಮೆರಿಕದ ಲಾಸ್ ವೇಗಾಸಿನಲ್ಲಿ 1970ರಿಂದ ಪೋಕರಿನ ದೊಡ್ಡ ಪಂದ್ಯಾವಳಿ ನಡೆಯುತ್ತ ಬಂದಿದೆ. 2003ರಲ್ಲಿ ಅದರ ಮುಖ್ಯ ಪಂದ್ಯಕ್ಕೆ 839 ಜನ ಕೂತಿದ್ದರು. ಕೊನೆಗೆ ಉಳಿದವರು ಇಬ್ಬರು: ಟೆನೆಸಿ ರಾಜ್ಯದ ಲೆಕ್ಕಿಗ ಕ್ರಿಸ್ ಮನಿಮೇಕರ್, ಪಳಗಿದ ಆಟಗಾರ ಸ್ಯಾಮ್ ಫರ್ಹಾ. ಮನಿಮೇಕರನ ಕೈಯಲ್ಲಿ ಇಸ್ಪೀಟಿನ ರಾಜ, ಆಟಿನ್ ಏಳು. ನಡುವೆ ಒಂಬತ್ತು, ಎರಡು, ಆರು, ಎಂಟು ತೆರೆದಿದ್ದವು, ಮೂರು ಇಸ್ಪೀಟಿನವು. ಇನ್ನೊಂದು ಇಸ್ಪೀಟ್ ಬಂದರೆ ಒಂದೇ ಜಾತಿಯ ಐದು ಎಲೆ, ಐದೋ ಹತ್ತೋ ಬಂದರೆ ಸಾಲಾಗಿ ಐದು. ಕೊನೆಗೆ ಬಂದದ್ದು ಆಟಿನ್ ಮೂರು. ಎರಡೂ ತಪ್ಪಿತು, ಕೈಯಲ್ಲಿ ಜೋಡಿ ಕೂಡ ಇಲ್ಲ. ಫರ್ಹಾನ ಬಳಿ ಒಂಬತ್ತರ ಜೋಡಿ. ಎಲೆ ತೋರಿಸಿದ್ದರೆ ರಾಶಿ ಅವನದೇ. ಆಗ ಮನಿಮೇಕರ್ ತನ್ನ ಮುಂದಿದ್ದ ಬಿಲ್ಲೆಗಳನ್ನೆಲ್ಲ ಕಟ್ಟಿಬಿಟ್ಟ. ಹಿಂದಿನ ಸುತ್ತಿನಲ್ಲೂ ಅವನು ಹೆಚ್ಚಿಸಿದ್ದನಾದ್ದರಿಂದ ಆ ನಡೆ ನಂಬುವಂತಿತ್ತು. ಫರ್ಹಾ ಬಹಳ ಹೊತ್ತು ಯೋಚಿಸಿ ಎಲೆ ಕೆಳಗಿಟ್ಟ. ಆ ವರ್ಷದ 25 ಲಕ್ಷ ಡಾಲರ್ ಬಹುಮಾನ ಮನಿಮೇಕರನಿಗೆ ಹೋಯಿತು.

ಈ ಆಟವನ್ನು ಇಂದಿಗೂ ಗಂಡೆದೆ ಎಂದು ಹೊಗಳುತ್ತಾರೆ. ಹೆಂಗಸೊಬ್ಬಳು ಇದನ್ನೇ ಮಾಡಿದ್ದರೆ ಏನೆನ್ನುತ್ತಿದ್ದರು? ನಾಟಕ ಎನ್ನುತ್ತಿದ್ದರು.

ಹೆಂಗಸರು ಮಾಡಿಯೂ ಇದ್ದಾರೆ. ನಾರ್ವೆಯ ಆನೆಟ್ ಓಬ್ರೆಸ್ಟಾಡ್ 2007ರಲ್ಲಿ ಲಂಡನ್ನಿನಲ್ಲಿ ನಡೆದ ಯುರೋಪಿನ ಮುಖ್ಯ ಪಂದ್ಯದಲ್ಲಿ 362 ಜನರ ನಡುವೆ ಗೆದ್ದಳು. ಬಹುಮಾನ ಹತ್ತು ಲಕ್ಷ ಪೌಂಡು. ಅವಳಿಗೆ ಹತ್ತೊಂಬತ್ತು ತುಂಬಲು ಇನ್ನೂ ಒಂದು ದಿನವಿತ್ತು. ಅದೇ ವರ್ಷ ಅವಳು ಇನ್ನೊಂದು ಕೆಲಸ ಮಾಡಿದ್ದಳು: 180 ಜನರ ಒಂದು ಸಣ್ಣ ಆನ್‌ಲೈನ್ ಪಂದ್ಯವನ್ನು ತನ್ನ ಎಲೆಗಳನ್ನು ಮುಚ್ಚಿಟ್ಟುಕೊಂಡೇ ಆಡಿ ಗೆದ್ದಳು. ಇಡೀ ಪಂದ್ಯದಲ್ಲಿ ಎಲೆ ನೋಡಿದ್ದು ಒಂದೇ ಸಲವಂತೆ. ಉಳಿದದ್ದೆಲ್ಲ ಯಾರು ಎಲ್ಲಿ ಕೂತಿದ್ದಾರೆ, ಯಾರು ಎಷ್ಟು ಕಟ್ಟಿದರು, ಯಾರು ಹೆದರುತ್ತಿದ್ದಾರೆ ಎಂಬುದರ ಮೇಲೆ. ‘ಎಲೆ ಬರಲಿಲ್ಲ’ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಒಳ್ಳೆಯ ಎಲೆಯನ್ನೇ ನೆಚ್ಚುವಂತಿಲ್ಲ ಎನ್ನುವುದಕ್ಕೂ ಹೆಣ್ಣಿನ ಕತೆಯೇ ಇದೆ. ಬಾರ್ಬರಾ ಎನ್‌ರೈಟ್ 1995ರಲ್ಲಿ ಲಾಸ್ ವೇಗಾಸಿನ ಮುಖ್ಯ ಪಂದ್ಯದ ಕೊನೆಯ ಮೇಜಿಗೆ ತಲುಪಿದ ಮೊದಲ ಮಹಿಳೆ. ಐದನೆಯವಳಾಗಿ ಹೊರಬಿದ್ದಳು. ಆಗ ಅವಳ ಕೈಯಲ್ಲಿದ್ದದ್ದು ಎಂಟರ ಜೋಡಿ, ಅವಳನ್ನು ಸೋಲಿಸಿದವನ ಕೈಯಲ್ಲಿದ್ದದ್ದು ಆರು ಮತ್ತು ಮೂರು.

ಮೂರನೆಯವಳು ಮರಿಯಾ ಕೊನ್ನಿಕೋವಾ. ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಲೇಖಕಿ. ಆಟ ಕಲಿಯಲು ಹೊರಟಾಗ ಒಂದು ಕಟ್ಟಿನಲ್ಲಿ ಎಷ್ಟು ಎಲೆ ಇರುತ್ತವೆಂಬುದೂ ಅವಳಿಗೆ ಗೊತ್ತಿರಲಿಲ್ಲ. 2018ರಲ್ಲಿ ಬಹಾಮಾಸಿನಲ್ಲಿ ಒಂದು ಪಂದ್ಯ ಗೆದ್ದು ಎಂಬತ್ತನಾಲ್ಕು ಸಾವಿರ ಡಾಲರಿಗೂ ಹೆಚ್ಚು ಪಡೆದಳು. 2020ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಅವಳು ಒಪ್ಪಿಕೊಳ್ಳುವುದನ್ನು ಓದಿ ನನಗೆ ನನ್ನ ಓರಗಿತ್ತಿ ನೆನಪಾದಳು. ಮೊದಮೊದಲು ಗಂಡಸರು ಜೋರು ಮಾಡಿದಾಗಲೆಲ್ಲ ಅವಳು ಎಲೆ ಬಿಟ್ಟುಕೊಡುತ್ತಿದ್ದಳು. ಎಲೆ ಕೆಟ್ಟದ್ದೆಂದಲ್ಲ, ಒಳ್ಳೆಯ ಹುಡುಗಿ ಎನಿಸಿಕೊಳ್ಳುವ ಅಭ್ಯಾಸದಿಂದ. ಅಷ್ಟು ಓದಿದವಳಿಗೇ ಹಾಗಾದರೆ, ಹಾಲು ಕಾಯಿಸುವ ನೆವದಲ್ಲಿ ಏಳುವ ನಮ್ಮ ಪಾಡೇನು?

ಕೆಟ್ಟ ಎಲೆಯಿಂದ ಕಟ್ಟುವುದು ಭಂಡತನವೆಂದು ತಿಳಿದವರಿಗೆ ಇನ್ನೊಂದು ಮಾತು. ಜಾನ್ ವಾನ್ ನ್ಯೂಮನ್ ಕಳೆದ ಶತಮಾನದ ಮಹಾ ಗಣಿತಜ್ಞರಲ್ಲೊಬ್ಬ. 1928ರಲ್ಲೇ ಮನೆಯೊಳಗಿನ ಆಟಗಳ ಗಣಿತದ ಬಗ್ಗೆ ಬರೆದ. 1944ರಲ್ಲಿ ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆ ತಂದ ದೊಡ್ಡ ಗ್ರಂಥದಲ್ಲಿ ಪೋಕರಿಗೆಂದೇ ಒಂದು ಭಾಗವಿಟ್ಟ. ಆಟವನ್ನು ಸರಳಗೊಳಿಸಿ ಲೆಕ್ಕ ಹಾಕಿದಾಗ ಅವನಿಗೆ ಕಂಡದ್ದು ಇದು: ತುಂಬ ಒಳ್ಳೆಯ ಎಲೆಯಿದ್ದಾಗ ಕಟ್ಟಬೇಕು, ತುಂಬ ಕೆಟ್ಟ ಎಲೆಯಿದ್ದಾಗ ಕೆಲವು ಸಲ ಕಟ್ಟಬೇಕು, ನಡುವಿನದ್ದಾದರೆ ಸುಮ್ಮನಿರಬೇಕು. ನಡುವಿನ ಎಲೆಗೆ ತೋರಿಸಿ ಗೆಲ್ಲುವ ಆಸೆ ಸ್ವಲ್ಪವಾದರೂ ಇರುತ್ತದೆ. ಅದರ ಮೇಲೆ ಕಟ್ಟಿದರೆ ಅದಕ್ಕಿಂತ ಕೆಟ್ಟವು ಓಡಿಹೋಗುತ್ತವೆ, ಒಳ್ಳೆಯವು ಉಳಿದು ಹೊಡೆಯುತ್ತವೆ. ತೀರ ಕೆಟ್ಟ ಎಲೆಗೆ ತೋರಿಸಿ ಗೆಲ್ಲುವ ಆಸೆಯೇ ಇಲ್ಲ, ಹಾಗಾಗಿ ಕಳೆದುಕೊಳ್ಳುವುದೂ ಇಲ್ಲ. ಎಂದೂ ಬ್ಲಫ್ ಮಾಡದವರಿಗೆ ಇನ್ನೊಂದು ನಷ್ಟವಿದೆ: ಅವರ ಒಳ್ಳೆಯ ಎಲೆಗೂ ಬೆಲೆ ಸಿಗುವುದಿಲ್ಲ. ಓರಗಿತ್ತಿಯ ನಾಲ್ಕೈದು ಬೀಜದ ಕತೆ ಇದೇ ಅಲ್ಲವೆ?

ಇನ್ನು ಮುಖದ ಮಾತು. ನಮ್ಮ ಮುಖದಲ್ಲಿ ಎಲ್ಲ ಕಾಣುತ್ತದೆಯಂತೆ!

ನನ್ನ ತಂದೆ ಇಸ್ಪೀಟಿನ ಹುಚ್ಚಿನವರು. ದುಡ್ಡು ಕಟ್ಟಿ ಆಡುತ್ತಿದ್ದರು. ಸಂಬಳದ ದಿನ ಕ್ಲಬ್ಬಿಗೆ ಹೋದರೆ ಮನೆಗೆ ಬರುವುದು ಮರುದಿನ, ಖಾಲಿ ಜೇಬಿನಲ್ಲಿ. ಕೊನೆಗೆ ಅಜ್ಜ ಕಟ್ಟಿಸಿದ ಮನೆಯೂ ಹೋಯಿತು. ಅಮ್ಮ ಸಾಲಗಾರರಿಗೆ ಬಾಗಿಲಲ್ಲಿ ನಿಂತು “ಅವರು ಊರಿಗೆ ಹೋಗಿದ್ದಾರೆ, ಸೋಮವಾರ ಬನ್ನಿ” ಎನ್ನುವಾಗ ಅವಳ ಮುಖದಲ್ಲಿ ಒಂದು ಗೆರೆ ಅಲುಗುತ್ತಿರಲಿಲ್ಲ. ಡಬ್ಬದಲ್ಲಿ ಒಂದು ಪಾವು ಅಕ್ಕಿಯಿದ್ದ ದಿನ ನೆಂಟರು ಬಂದರೆ “ಬನ್ನಿ, ಊಟಕ್ಕೇ ಏಳುತ್ತಿದ್ದೆವು” ಎನ್ನುವಳು. ನಮಗೆಲ್ಲ ಬಡಿಸಿ, “ನಂದು ಆಗಲೇ ಆಯ್ತು” ಎನ್ನುವಳು. ನಾವು ನಾಲ್ಕು ಮಕ್ಕಳು ಎಷ್ಟೋ ವರ್ಷ ಅದನ್ನು ನಂಬಿದ್ದೆವು. ದೊಡ್ಡವಳಾದ ಮೇಲೆ ಒಂದು ರಾತ್ರಿ ಅವಳು ಕತ್ತಲಲ್ಲಿ ನೀರು ಕುಡಿದು ಮಲಗುವುದನ್ನು ಕಂಡೆ. ಆಗ ಗೊತ್ತಾಯಿತು.

ಈ ಮುಖಕ್ಕೆ ಎರಡು ಎಲೆ ಮುಚ್ಚಿಡಲು ಬರುವುದಿಲ್ಲವೆ? ಹೆಂಗಸರಿಗೆ ಬ್ಲಫ್ ಬರುವುದಿಲ್ಲವೆನ್ನುವವರು ಅವರು ಬಡಿಸಿದ್ದನ್ನು ಉಂಡು ಕೈತೊಳೆದುಕೊಂಡವರು. ನಾವು ದಿನವೂ ಕೆಟ್ಟ ಎಲೆಯಲ್ಲೇ ಆಡಿದ್ದೇವೆ. ಒಂದೇ ವ್ಯತ್ಯಾಸ, ಅದರಿಂದ ಬಂದ ರಾಶಿಯನ್ನು ನಮ್ಮ ಕಡೆಗೆ ಎಳೆದುಕೊಂಡದ್ದಿಲ್ಲ.

ನೀವು ಕೇಳಬಹುದು: ಜೂಜಿನಿಂದ ಮನೆ ಕಳೆದುಕೊಂಡವಳು ನೀನು, ನೀನೇ ಇಸ್ಪೀಟನ್ನು ಹೊಗಳುವುದೆ? ನ್ಯಾಯವಾದ ಪ್ರಶ್ನೆ. ದುಡ್ಡು ಕಟ್ಟಿ ಆಡುವುದನ್ನು ನಾನು ಒಪ್ಪುವುದಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿದಾಗ, ಜಾಣ್ಮೆಯ ಆಟಕ್ಕೂ ಅದೃಷ್ಟದ ಆಟಕ್ಕೂ ವ್ಯತ್ಯಾಸವಿಲ್ಲವೆ ಎಂದು ಕೆಲವರು ವಾದಿಸಿದರು. ವ್ಯತ್ಯಾಸವಿದೆ. ಆದರೆ ಸಂಬಳದ ದಿನ ಖಾಲಿ ಜೇಬಿನಲ್ಲಿ ಬಂದವನ ಮನೆಯವರಿಗೆ ಆ ವ್ಯತ್ಯಾಸದಿಂದ ಒಂದು ಸೇರು ಅಕ್ಕಿಯೂ ಹುಟ್ಟುವುದಿಲ್ಲ. ನಮಗೆ ಹುಣಸೆಬೀಜ ಸಾಕು.

ಆದರೆ ನನ್ನ ತಂದೆ ಸೋತದ್ದು ಬ್ಲಫ್ ಮಾಡಿದ್ದರಿಂದಲ್ಲ. ಅವರಿಗೆ ಎಲೆ ಕೆಳಗಿಡಲು ಬರುತ್ತಿರಲಿಲ್ಲ. ಹೋದದ್ದು ಮುಂದಿನ ಎಲೆಯಲ್ಲಿ ಬಂದೇ ಬರುತ್ತದೆಂದು ಕಾದರು. ಧರ್ಮರಾಯನೂ ಹಾಗೆಯೇ. ಪ್ರತಿ ಸೋಲಿಗೂ ಇನ್ನೊಂದು ಪಣವಿಟ್ಟ, ತಮ್ಮಂದಿರನ್ನಿಟ್ಟ, ತನ್ನನ್ನಿಟ್ಟ, ಕೊನೆಗೆ ಹೆಂಡತಿಯನ್ನಿಟ್ಟ. ಅಲ್ಲಿ ಕೆಟ್ಟ ಎಲೆಯಲ್ಲಿ ಆಡಿದ್ದು ಅವನಲ್ಲ, ದ್ರೌಪದಿ. ಅವಳ ಕೈಯಲ್ಲಿ ಏನಿತ್ತು? ಏನೂ ಇಲ್ಲ. ಅವಳು ಒಂದು ಪ್ರಶ್ನೆ ಕಟ್ಟಿದಳು: ಮೊದಲು ತನ್ನನ್ನು ಸೋತನೋ, ನನ್ನನ್ನೋ? ಭೀಷ್ಮರಂಥವರ ಕೈಯಲ್ಲೂ ಅದಕ್ಕೆ ಉತ್ತರವಿಲ್ಲವೆಂದು ಸಭೆಗೆಲ್ಲ ತಿಳಿದುಹೋಯಿತು. ಕೊನೆಗೆ ಧೃತರಾಷ್ಟ್ರ ವರ ಕೊಡಬೇಕಾಯಿತು, ಗಂಡಂದಿರನ್ನು ಬಿಡಿಸಿಕೊಂಡಳು. ಮೂರನೆಯ ವರ ಕೇಳು ಎಂದರೆ ಬೇಡವೆಂದಳು. ಯಾವಾಗ ಕಟ್ಟಬೇಕು, ಯಾವಾಗ ಬಿಡಬೇಕು, ಎರಡೂ ಅವಳಿಗೆ ಗೊತ್ತಿತ್ತು.

ಸುಳ್ಳಲ್ಲವೆ ಇದು ಎಂದು ಕೇಳುವವರೂ ಇದ್ದಾರೆ. ಜಮಖಾನದ ಮೇಲೆ ಕೂತವರೆಲ್ಲ ನಿಯಮ ಒಪ್ಪಿಯೇ ಕೂತಿದ್ದಾರೆ. ಎದುರಿನವನು ಬ್ಲಫ್ ಮಾಡಬಹುದೆಂದು ಎಲ್ಲರಿಗೂ ಗೊತ್ತು. ಮೋಸವಿರುವುದು, ಕೆಲವರಿಗೆ ಮಾತ್ರ ಆ ನಿಯಮ, ಉಳಿದವರು ಕಂಡದ್ದನ್ನು ಕಂಡಂತೆ ಹೇಳಬೇಕು ಎನ್ನುವಲ್ಲಿ.

ಈ ಯುಗಾದಿಗೆ ಮತ್ತೆ ಎಲ್ಲರೂ ಸೇರಿದ್ದೆವು. ಅಷ್ಟರಲ್ಲಿ ನಾನೂ ಓರಗಿತ್ತಿಯೂ ಫೋನಿನಲ್ಲಿ ಈ ಲೆಕ್ಕಗಳನ್ನೆಲ್ಲ ಮಾತಾಡಿ ಮುಗಿಸಿದ್ದೆವು. ಆ ಸುತ್ತಿನಲ್ಲಿ ನಾನು ಮೊದಲೇ ಎಲೆ ಇಟ್ಟು ಅವಳ ಪಕ್ಕಕ್ಕೆ ಸರಿದಿದ್ದೆ. ಉಳಿದವರು ಅವಳು ಮತ್ತು ಅವಳ ಗಂಡ, ಕೊನೆಯ ಸರದಿ ಅವಳದು. ನಡುವೆ ಎಕ್ಕ, ಒಂಬತ್ತು, ಮೂರು. ರಾಶಿಯಲ್ಲಿ ಇಪ್ಪತ್ತು ಬೀಜ. ಅವಳು ಎಲೆಯ ತುದಿಯನ್ನು ನನ್ನ ಕಡೆ ಓರೆ ಮಾಡಿದಳು. ಕಳಾವರ್ ಎಂಟು, ಡೈಮಂಡ್ ಐದು. ಏನೂ ಅಲ್ಲ.

ಮೈದುನ ಏನೂ ಕಟ್ಟದೆ ಸುಮ್ಮನಾದ. ಅವಳು ಹನ್ನೆರಡು ಬೀಜ ತಳ್ಳಿದಳು. ಅವನೂ ಹನ್ನೆರಡು ಇಟ್ಟ. ಮುಂದಿನ ಎಲೆ ರಾಣಿ. ಅವನು ಮತ್ತೆ ಸುಮ್ಮನಾದ. ಅವಳು ಮೂವತ್ತು ಬೀಜವನ್ನು ಐದೈದಾಗಿ ಎಣಿಸಿ ಮುಂದಿಟ್ಟಳು. ಅವನು ಅವಳ ಮುಖವನ್ನೇ ನೋಡಿದ. ಆ ಮುಖವನ್ನು ಅವನು ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದಾನೆ.

ಕೊನೆಗೆ ಎಲೆ ಕೆಳಗೆ ಹಾಕಿದ. “ಒಂಬತ್ತರ ಜೋಡಿ ಇತ್ತು ನಂದು. ಎಕ್ಕ ಬಂದಿತ್ತು ತಾನೆ ನಿನಗೆ? ತೋರಿಸೇ ನೋಡೋಣ.”

ಅವಳು ನನ್ನ ಮಗನ ಕಡೆ ತಿರುಗಿದಳು. “ತೋರಿಸಬೇಕೇನೋ?”

“ಬೇಕಾಗಿಲ್ಲ ಚಿಕ್ಕಮ್ಮ. ಅವರು ಬಿಟ್ಟುಕೊಟ್ಟ ಮೇಲೆ ತೋರಿಸಲೇಬೇಕು ಅಂತಿಲ್ಲ.”

ಅವಳು ಎರಡು ಎಲೆಯನ್ನೂ ಕಟ್ಟಿನೊಳಗೆ ಸೇರಿಸಿ ಕಲೆಸಿಬಿಟ್ಟಳು. ಬೀಜಗಳನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡು, ಕೂತಲ್ಲಿಂದ ಅಲುಗದೆ ಹೇಳಿದಳು:

“ರೀ, ಒಲೆ ಮೇಲೆ ಹಾಲಿದೆ. ಸ್ವಲ್ಪ ಹೆಪ್ಪು ಹಾಕಿ ಬನ್ನಿ.”